ಮುಂಬಯಿಯಷ್ಟು ದೊಡ್ಡ ಊರನ್ನು ಕಂಪ್ಯೂಟರಿನೊಳಗೆ ಕಟ್ಟುವುದು: ಏಜೆಂಟ್ ಸಿಮ್ಯುಲೇಶನ್ನಿಗೆ ಕೃತಕ ಜನಸಂಖ್ಯೆ ತಯಾರಿಸುವ ಸಮಗ್ರ ಮಾರ್ಗದರ್ಶಿ

2020ರ ಜುಲೈನಲ್ಲಿ ಮುಂಬಯಿ ಮಹಾನಗರಪಾಲಿಕೆ, ನೀತಿ ಆಯೋಗ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಸೇರಿ ಆರ್/ಉತ್ತರ, ಎಂ/ಪಶ್ಚಿಮ, ಎಫ್/ಉತ್ತರ ವಾರ್ಡ್‌ಗಳಲ್ಲಿ ಕೋವಿಡ್ ಪ್ರತಿಕಾಯಗಳ ಸಮೀಕ್ಷೆ ನಡೆಸಿದವು. ಝೋಪಡಪಟ್ಟಿಗಳಲ್ಲಿ (ಕೊಳೆಗೇರಿಗಳಲ್ಲಿ) ಶೇ 57ರಷ್ಟು ಜನರಲ್ಲಿ ಪ್ರತಿಕಾಯ ಸಿಕ್ಕಿತು, ಉಳಿದ ಕಡೆ ಶೇ 16ರಷ್ಟು ಮಂದಿಯಲ್ಲಿ. ವಾರ್ಡು ಒಂದೇ, ಇಳಿಯುವ ಸ್ಟೇಷನ್ನೂ ಒಂದೇ, ಮಧ್ಯೆ ಒಂದು ಕಾಂಪೌಂಡ್ ಗೋಡೆ ಅಷ್ಟೇ. ವಾರ್ಡಿನ ವಯಸ್ಸು ಮತ್ತು ಲಿಂಗದ ಲೆಕ್ಕ ಗಣತಿಗೆ ಕರಾರುವಾಕ್ಕಾಗಿ ತಾಳೆಯಾಗುವಂತೆ ಲಕ್ಷಾಂತರ ಏಜೆಂಟುಗಳನ್ನು, ಅಂದರೆ ಕಂಪ್ಯೂಟರಿನೊಳಗಿನ ಕೃತಕ ಜನರನ್ನು, ಸೃಷ್ಟಿಸಿದರೂ, ಯಾರು ಯಾರ ಜೊತೆ ಎಂಥ ಮನೆಯಲ್ಲಿದ್ದಾರೆ ಎಂಬುದು ಅದರಲ್ಲಿ ಇಲ್ಲದಿದ್ದರೆ ಈ ವ್ಯತ್ಯಾಸ ಸಿಮ್ಯುಲೇಶನ್ನಿನಿಂದ (ಊರಿನ ಬದುಕನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವುದರಿಂದ) ಹೊರಗೆ ಬರುವುದೇ ಇಲ್ಲ. ಹೀಗಾಗಿ ಇಲ್ಲಿ ಹೇಳುವ ಕ್ರಮದಲ್ಲಿ ಮೊದಲು ಮನೆ ಕಟ್ಟುತ್ತೇವೆ, ಆಮೇಲೆ ಮನುಷ್ಯರನ್ನು ತುಂಬುತ್ತೇವೆ.

ಉದಾಹರಣೆಗೆ ಬೃಹನ್ಮುಂಬಯಿಯನ್ನು ತೆಗೆದುಕೊಂಡಿದ್ದೇವೆ: 2011ರ ಗಣತಿಯಂತೆ 1,24,42,373 ಜನ, 24 ಆಡಳಿತ ವಾರ್ಡುಗಳು. ಪುಣೆಯವರಿಗೆ ಬೇಕಾದ ಬದಲಾವಣೆಗಳನ್ನು ಅಲ್ಲಲ್ಲೇ ಸೇರಿಸಿದೆ. ಪೈಥಾನ್ ಅಥವಾ ಆರ್ ಭಾಷೆಯಲ್ಲಿ ಟೇಬಲ್ಲುಗಳನ್ನು ಕೂಡಿಸಿ ಕಳೆಯಲು ಬರುವವರು, 16 ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ಇರುವವರು ಇದನ್ನು ಮಾಡಿ ಮುಗಿಸಬಹುದು.

ಮೊದಲು ಪ್ರಶ್ನೆ, ಆಮೇಲೆ ಕಾಲಂ

ಸಿಮ್ಯುಲೇಶನ್ನಿನಿಂದ ಯಾವ ಪ್ರಶ್ನೆಗೆ ಉತ್ತರ ಬೇಕು ಎಂದು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಸಾಂಕ್ರಾಮಿಕ ರೋಗಕ್ಕಾದರೆ ಮನೆ, ವಯಸ್ಸು, ಮನೆಯ ಬಗೆ, ಕೆಲಸದ ಜಾಗ, ಶಾಲೆ, ಪ್ರಯಾಣ ಬೇಕು. ಸಂಚಾರಕ್ಕಾದರೆ ವಾಹನ ಇದೆಯೇ, ಕೆಲಸಕ್ಕೆ ಎಷ್ಟು ಗಂಟೆಗೆ ಹೊರಡುತ್ತಾರೆ ಎಂಬುದು ಮುಖ್ಯ, ಅಜ್ಜಿ ಅದೇ ಮನೆಯಲ್ಲಿದ್ದಾರೋ ಇಲ್ಲವೋ ಎಂಬುದು ಅಷ್ಟು ಮುಖ್ಯವಲ್ಲ. ಏಜೆಂಟಿನ ಯಾವುದೇ ಗುಣ ಸಿಮ್ಯುಲೇಶನ್ನಿನ ಒಂದು ನಿಯಮದಲ್ಲಾಗಲಿ ಕೊನೆಯ ಪರೀಕ್ಷೆಯಲ್ಲಾಗಲಿ ಬಳಕೆಗೆ ಬಾರದಿದ್ದರೆ ಅದನ್ನು ತೆಗೆದುಬಿಡಿ.

ಜಿಪುಣತನಕ್ಕೆ ಕಾರಣವಿದೆ. ಗಣತಿಯ ಐದೈದು ವರ್ಷದ 17 ವಯೋಗುಂಪು, 2 ಲಿಂಗ, 6 ಶಿಕ್ಷಣ ಮಟ್ಟ, 5 ಬಗೆಯ ಉದ್ಯೋಗ, 8 ಮಾತೃಭಾಷೆ ಎಂದು ಇಟ್ಟರೆ ಒಂದು ವಾರ್ಡಿಗೇ 8,160 ಕೋಶಗಳಾದವು, ಅಂದರೆ ಗುಣಗಳ ಅಷ್ಟು ಬೇರೆ ಬೇರೆ ಜೋಡಣೆಗಳು. 24 ವಾರ್ಡಿಗೆ 1,95,840. ಕೈಯಲ್ಲಿರುವ ಸಮೀಕ್ಷೆಯ ಸ್ಯಾಂಪಲ್ಲಿನಲ್ಲಿ ಮುಂಬಯಿಯ ಕೆಲವೇ ಸಾವಿರ ಜನ ಇರುತ್ತಾರೆ, ಹಾಗಾಗಿ ಬಹುಪಾಲು ಕೋಶಗಳು ಖಾಲಿ.

ಮಾತೃಭಾಷೆಯ ಕಾಲಂ ನೋಡಿದರೆ ಕನ್ನಡಿಗರಾದ ನಮ್ಮವರಿಗೆ ಆಸೆಯಾಗುವುದು ಸಹಜ. ಗಣತಿಯ ಸಿ-16 ಪಟ್ಟಿಯಲ್ಲಿ ಜಿಲ್ಲಾವಾರು ಅಂಕಿ ಇದೆ. ಆದರೆ ಅಲ್ಲಿ ತುಳು ಮತ್ತು ಕೊಂಕಣಿ ಬೇರೆ ಸಾಲುಗಳು. ಮುಂಬಯಿಯ ಕನ್ನಡ ಸಂಘಗಳ ಸದಸ್ಯರಲ್ಲಿ, ಕನ್ನಡ ಪೇಪರು ಓದುವವರಲ್ಲಿ ಎಷ್ಟೋ ಜನರ ಮನೆಮಾತು ಇವೆರಡರಲ್ಲಿ ಒಂದು. ಕನ್ನಡದಲ್ಲಿ ಕೊಟ್ಟ ಆರೋಗ್ಯ ಸೂಚನೆ ಯಾರಿಗೆ ತಲುಪುತ್ತದೆ ಎಂಬುದು ನಿಮ್ಮ ಪ್ರಶ್ನೆಯಾದರೆ ಕನ್ನಡದ ಸಾಲನ್ನಷ್ಟೇ ಎತ್ತಿಕೊಂಡರೆ ಲೆಕ್ಕ ಕಮ್ಮಿ ಬೀಳುತ್ತದೆ. ಸಿ-17ರ ದ್ವಿಭಾಷಿಕತೆಯ ಪಟ್ಟಿಯಿಂದ ‘ಬಲ್ಲ ಭಾಷೆ’ ಎಂಬ ಇನ್ನೊಂದು ಗುಣವನ್ನು ಸೇರಿಸಬೇಕು.

ಗಡಿಯನ್ನೂ ಈಗಲೇ ತೀರ್ಮಾನಿಸಿ. ಪಾಲಿಕೆಯ ಗೆರೆಗೆ ನಿಲ್ಲಿಸಿದರೆ ಡೊಂಬಿವಲಿ, ಕಲ್ಯಾಣ, ವಸಾಯಿ, ವಿರಾರಿನಿಂದ ಬೆಳಿಗ್ಗೆ ಬಂದು ರಾತ್ರಿ ಹೋಗುವವರು ಲೆಕ್ಕದಿಂದಲೇ ಮಾಯ, ಫೋರ್ಟ್ ಮತ್ತು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ (ಬಿಕೆಸಿ) ಆಫೀಸುಗಳು ಅರ್ಧ ಖಾಲಿ. ಎರಡು ದಾರಿಗಳಿವೆ: ಇಡೀ ಮಹಾನಗರ ಪ್ರದೇಶವನ್ನೇ ಕಟ್ಟುವುದು, ಇಲ್ಲವೇ ಹೊರಗಿನವರನ್ನು ಮನೆಯಿಲ್ಲದ, ಹಗಲಷ್ಟೇ ಕಾಣುವ ಏಜೆಂಟುಗಳಾಗಿ ಸೇರಿಸುವುದು. ರೋಗದ ಸಿಮ್ಯುಲೇಶನ್ನಿಗೆ ಎರಡನೆಯದು ಸಾಲದು, ಏಕೆಂದರೆ ಅವರು ಸೋಂಕನ್ನು ಮನೆಗೆ ಒಯ್ದು ಮತ್ತೆ ತರುವ ಸುತ್ತು ಅದರಲ್ಲಿ ಇರುವುದಿಲ್ಲ. ಪುಣೆಯಲ್ಲಿ ತೊಡಕು ಬೇರೆ ರೀತಿಯದು. 2011ರಲ್ಲಿ ಪುಣೆ ಪಾಲಿಕೆಯಲ್ಲಿ 31 ಲಕ್ಷ, ಪಿಂಪ್ರಿ-ಚಿಂಚ್ವಡದಲ್ಲಿ 17 ಲಕ್ಷ ಜನರಿದ್ದರು. ಆಮೇಲೆ 2017ರಲ್ಲಿ 11, 2021ರಲ್ಲಿ 23 ಹಳ್ಳಿಗಳು ಪುಣೆ ಪಾಲಿಕೆಗೆ ಸೇರಿದವು, ಅವುಗಳಲ್ಲಿ ಎರಡು 2024ರಲ್ಲಿ ಮತ್ತೆ ಹೊರಬಂದವು. ಇವತ್ತಿನ ನಕ್ಷೆಗೆ ಹಳೆಯ ಅಂಕಿ ಹಾಕುವವರು ಉಳಿದ ಹಳ್ಳಿಗಳ ಸಾಲುಗಳನ್ನು ಗಣತಿಯ ಪ್ರಾಥಮಿಕ ಸಾರಾಂಶದಿಂದ ಹುಡುಕಿ ಕೂಡಿಸಬೇಕು. ಮೂರು ಕಂಟೋನ್ಮೆಂಟುಗಳೂ ಹಿಂಜವಡಿಯೂ ಎರಡೂ ಪಾಲಿಕೆಗಳ ಹೊರಗಿವೆ ಎಂಬುದು ನೆನಪಿರಲಿ. ಹಿಂಜವಡಿ ಬಿಟ್ಟುಹೋದರೆ ಐಟಿ ನೌಕರರಿಗೆ ಕೆಲಸದ ಜಾಗವೇ ಇರುವುದಿಲ್ಲ.

ಅಂಕಿಅಂಶ ಎಲ್ಲಿಂದ

ಬೇಕಾಗುವುದು ಎರಡು ಬಗೆಯ ಸಾಮಗ್ರಿ. ಮೊದಲನೆಯದು ಮೊತ್ತಗಳು: ಈ ವಾರ್ಡಿನಲ್ಲಿ ಇಷ್ಟು ಮನೆ, ಇಷ್ಟು ಹೆಂಗಸರು, ಇಷ್ಟು ಕೆಲಸಗಾರರು. ಗಣತಿಯ ಎಚ್‌ಎಚ್-1 ಪಟ್ಟಿ ಮನೆಯ ಗಾತ್ರ ಕೊಡುತ್ತದೆ, ಸಿ-13 ಒಂದೊಂದು ವರ್ಷದ ವಯಸ್ಸು, ಸಿ-14 ಐದೈದು ವರ್ಷದ ಗುಂಪು, ಬಿ ಸರಣಿ ಉದ್ಯೋಗ. ಎಲ್ಲ ಪಟ್ಟಿಗಳೂ ವಾರ್ಡ್ ಮಟ್ಟದಲ್ಲಿ ಸಿಗುವುದಿಲ್ಲ. ಪ್ರಾಥಮಿಕ ಸಾರಾಂಶದಲ್ಲಿರುವುದನ್ನು ವಾರ್ಡಿಗೂ ಉಳಿದದ್ದನ್ನು ಜಿಲ್ಲೆಗೂ ಹೊಂದಿಸಬೇಕು. ಒಂದು ಎಚ್ಚರಿಕೆ: ನಮ್ಮ ಜನ ವಯಸ್ಸನ್ನು ಐದು, ಹತ್ತರ ಲೆಕ್ಕದಲ್ಲಿ ಹೇಳುವುದರಿಂದ ಸಿ-13ರಲ್ಲಿ 30, 35, 40, 45ರ ಎದುರು ಗುಡ್ಡೆ ಬಿದ್ದಿರುತ್ತದೆ, 39 ಮತ್ತು 41ರ ಎದುರು ಹಳ್ಳ. ಅದನ್ನು ಹಾಗೇ ಬಳಸಿದರೆ ಲಸಿಕೆಗೆ 45 ವರ್ಷದ ಗೆರೆ ಎಳೆದ ದಿನ ಅರ್ಹರ ಸಂಖ್ಯೆ ಸುಳ್ಳು ಸುಳ್ಳೇ ಜಿಗಿಯುತ್ತದೆ. ಐದು ವರ್ಷದ ಗುಂಪಿಗೆ ಹೊಂದಿಸಿ, ಗುಂಪಿನೊಳಗೆ ವಯಸ್ಸನ್ನು ನೀವೇ ನಯವಾಗಿ ಹಂಚಿ.

ಎರಡನೆಯದು ಸ್ಯಾಂಪಲ್: ಇಡೀ ಕುಟುಂಬದ ವಿವರ ಒಟ್ಟಿಗೆ ಇರುವ ಸಮೀಕ್ಷೆಯ ಮೂಲ ಕಡತ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು (2019–21) ಇದಕ್ಕೆ ತಕ್ಕದ್ದು. ಮನೆಯ ಪ್ರತಿಯೊಬ್ಬರ ವಯಸ್ಸು, ಲಿಂಗ, ಓದು, ಯಜಮಾನರಿಗೆ ಏನಾಗಬೇಕು ಎಂಬ ಸಂಬಂಧ ಎಲ್ಲವೂ ಅದರಲ್ಲಿದೆ. ಉದ್ಯೋಗದ ವಿವರಕ್ಕೆ ಸರ್ಕಾರದ ಆವರ್ತಕ ಕಾರ್ಮಿಕ ಬಲ ಸಮೀಕ್ಷೆ (ಪಿಎಲ್‌ಎಫ್‌ಎಸ್), ದಿನಚರಿಗೆ 2019ರ ಸಮಯ ಬಳಕೆ ಸಮೀಕ್ಷೆ. ಝೋಪಡಪಟ್ಟಿ ಮತ್ತು ಉಳಿದ ಕಡೆಯ ಕುಟುಂಬಗಳನ್ನು ಪ್ರತ್ಯೇಕವಾಗಿ ನೋಡಲು ಮೂರನೇ ಸುತ್ತಿನ ಆರೋಗ್ಯ ಸಮೀಕ್ಷೆ (2005–06) ಹಳೆಯದಾದರೂ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಮುಂಬಯಿಯೂ ಸೇರಿ ಎಂಟು ನಗರಗಳಿಗೆ ಈ ವಿಂಗಡಣೆ ಮಾಡಿದ್ದಾರೆ.

2011ರ ಮೊತ್ತಕ್ಕೆ 2020ರ ಸ್ಯಾಂಪಲ್ ಹೊಂದಿಸುವುದು ಸರಿಯೇ ಎಂದು ಕೇಳಬಹುದು. 2021ರ ಗಣತಿ ನಡೆಯಲಿಲ್ಲ, ಮುಂದಿನದಕ್ಕೆ 2027ರ ಮಾರ್ಚ್ 1 ಎಂದು ದಿನ ಗೊತ್ತಾಗಿದೆ. ಅಲ್ಲಿಯವರೆಗೆ ಬೇರೆ ದಾರಿ ಇಲ್ಲ. 2011–36ರ ಅಧಿಕೃತ ಜನಸಂಖ್ಯಾ ಅಂದಾಜು ರಾಜ್ಯಮಟ್ಟದ್ದು, ವಾರ್ಡಿನ ತನಕ ಇಳಿಯುವುದಿಲ್ಲ. ನಮ್ಮ ಸಲಹೆ: ಮೊದಲು 2011ರ ಜನಸಂಖ್ಯೆಯನ್ನೇ ಪೂರ್ತಿ ಕಟ್ಟಿ, ಪರೀಕ್ಷೆ ಮಾಡಿ, ಆಮೇಲೆ ಅದಕ್ಕೆ ವಯಸ್ಸು, ಹುಟ್ಟು, ಸಾವು, ವಲಸೆ ಕೊಟ್ಟು ಇವತ್ತಿಗೆ ತನ್ನಿ. ನೇರವಾಗಿ ಎಲ್ಲ ಮೊತ್ತಗಳನ್ನೂ ಒಂದೇ ಗುಣಕದಿಂದ ಉಬ್ಬಿಸಿದರೆ ಐಲ್ಯಾಂಡ್ ಸಿಟಿಯೂ ಉಪನಗರಗಳಷ್ಟೇ ವೇಗದಲ್ಲಿ ಬೆಳೆದಂತಾಗುತ್ತದೆ. ವಾಸ್ತವದಲ್ಲಿ ಐಲ್ಯಾಂಡ್ ಸಿಟಿಯ, ಅಂದರೆ ಮುಂಬಯಿ ನಗರ ಜಿಲ್ಲೆಯ, ಜನಸಂಖ್ಯೆ 2001ರಿಂದ 2011ಕ್ಕೆ ಇಳಿದಿತ್ತು.

ಮೊತ್ತಕ್ಕೆ ಹೊಂದಿಸುವುದು

ಇಲ್ಲಿನ ಮೂಲ ಉಪಾಯ ಹಳೆಯದು. 1940ರಲ್ಲಿ ಡೆಮಿಂಗ್ ಮತ್ತು ಸ್ಟೀಫನ್ ಅಮೆರಿಕದ ಗಣತಿಗಾಗಿ ರೂಪಿಸಿದ್ದು. ಐಪಿಎಫ್ (ಇಟರೇಟಿವ್ ಪ್ರಪೋರ್ಷನಲ್ ಫಿಟಿಂಗ್) ಎಂದು ಕರೆಯುತ್ತಾರೆ. 1996ರಲ್ಲಿ ಬೆಕ್‌ಮನ್ ಮತ್ತು ಸಂಗಡಿಗರು ಸಂಚಾರ ಸಿಮ್ಯುಲೇಶನ್ನಿಗೆ ಕೃತಕ ಜನಸಂಖ್ಯೆ ಕಟ್ಟಲು ಇದನ್ನೇ ಬಳಸಿದರು. ಸಣ್ಣ ಲೆಕ್ಕವೊಂದನ್ನು ಕೈಯಲ್ಲೇ ಮಾಡಿ ನೋಡಿದರೆ ಗುಟ್ಟು ತಿಳಿಯುತ್ತದೆ.

ಸ್ಯಾಂಪಲ್ಲಿನಲ್ಲಿ 150 ಮನೆ ಎಂದುಕೊಳ್ಳಿ. ಮೂವರವರೆಗಿನ ಸಣ್ಣ ಮನೆಗಳಲ್ಲಿ 20 ಝೋಪಡಪಟ್ಟಿಯಲ್ಲಿ, 40 ಬಿಲ್ಡಿಂಗಿನಲ್ಲಿ. ದೊಡ್ಡ ಮನೆಗಳಲ್ಲಿ 60 ಝೋಪಡಪಟ್ಟಿ, 30 ಬಿಲ್ಡಿಂಗ್. ಗುರಿ: ಸಣ್ಣ ಮನೆ 300, ದೊಡ್ಡ ಮನೆ 700; ಝೋಪಡಪಟ್ಟಿ 500, ಬಿಲ್ಡಿಂಗ್ 500. ಮೊದಲು ಸಾಲುಗಳನ್ನು ಸರಿಮಾಡಿ. ಸಣ್ಣ ಮನೆಗಳು 60 ಇವೆ, 300 ಆಗಬೇಕು, 5ರಿಂದ ಗುಣಿಸಿದರೆ 100 ಮತ್ತು 200. ದೊಡ್ಡವು 90, ಅವು 700 ಆಗಬೇಕು, 7.78ರಿಂದ ಗುಣಿಸಿದರೆ 466.7 ಮತ್ತು 233.3. ಈಗ ಕಾಲಂಗಳನ್ನು ಕೂಡಿ: 566.7 ಮತ್ತು 433.3. ಎರಡನ್ನೂ 500ಕ್ಕೆ ತಂದರೆ ಸಣ್ಣವು 88.2, 230.8; ದೊಡ್ಡವು 411.8, 269.2. ಸಾಲು ಮತ್ತೆ ಸ್ವಲ್ಪ ಕೆಟ್ಟಿತು, ಮತ್ತೆ ಸರಿಮಾಡಿ. ಹೀಗೆ ನಾಲ್ಕಾರು ಸುತ್ತಿನಲ್ಲಿ ಸಣ್ಣವು 81ರ ಆಸುಪಾಸು ಮತ್ತು 219, ದೊಡ್ಡವು 419 ಮತ್ತು 281ರ ಹತ್ತಿರ ನಿಲ್ಲುತ್ತವೆ.

ಈಗ ಕರ್ಣಗಳನ್ನು ಗುಣಿಸಿ ಭಾಗಿಸಿ ನೋಡಿ. ಸ್ಯಾಂಪಲ್ಲಿನಲ್ಲಿ 20×30 ಭಾಗಿಸು 40×60, ಅಂದರೆ 0.25. ಕೊನೆಯ ಅಂಕಿಗಳಲ್ಲೂ 0.25ರಷ್ಟೇ ಬರುತ್ತದೆ. ಮೊತ್ತವೆಲ್ಲ ಬದಲಾದರೂ ಗುಣಗಳ ನಡುವಿನ ನಂಟು ಸ್ಯಾಂಪಲ್ಲಿನದೇ. ಈ ವಿಧಾನದ ಶಕ್ತಿಯೂ ಇದೇ, ಅಪಾಯವೂ ಇದೇ. ಸ್ಯಾಂಪಲ್ಲಿನಲ್ಲಿ ನಂಟು ತಪ್ಪಿದ್ದರೆ ಮೊತ್ತಗಳು ನೂರಕ್ಕೆ ನೂರು ತಾಳೆಯಾಗುತ್ತಲೇ ತಪ್ಪು ಒಳಗೆ ಉಳಿಯುತ್ತದೆ. ಸ್ಯಾಂಪಲ್ಲಿನಲ್ಲಿ ಒಂದು ಕೋಶ ಸೊನ್ನೆಯಾಗಿದ್ದರೆ ಎಷ್ಟು ಗುಣಿಸಿದರೂ ಸೊನ್ನೆಯೇ. ಅದಕ್ಕೆ 0.01ರಂಥ ಪುಟ್ಟ ಅಂಕಿ ಹಾಕುವ ಅಭ್ಯಾಸವಿದೆ. ಹಾಕುವ ಮುಂಚೆ ಆ ಸೊನ್ನೆ ಯಾವ ಬಗೆಯದೆಂದು ನೋಡಿ. ಮೂರು ವರ್ಷದ ವಿಧವೆಯ ಕೋಶ ಸೊನ್ನೆಯಾಗಿಯೇ ಇರಬೇಕು. ಸ್ಯಾಂಪಲ್ಲಿಗೆ ಸಿಗದೇ ಹೋದ, ಒಬ್ಬಳೇ ಇರುವ ಎಪ್ಪತ್ತರ ಮುದುಕಿಯ ಕೋಶಕ್ಕೆ ಅಂಕಿ ಬೇಕು.

ಇದಿಷ್ಟು ಒಂದೇ ಮಟ್ಟದ ಲೆಕ್ಕ. ನಮಗೆ ಮನೆಗಳ ಮೊತ್ತವೂ ಜನರ ಮೊತ್ತವೂ ಏಕಕಾಲದಲ್ಲಿ ಸರಿಯಾಗಬೇಕು. ಅದಕ್ಕೆ ಐಪಿಯು (ಇಟರೇಟಿವ್ ಪ್ರಪೋರ್ಷನಲ್ ಅಪ್‌ಡೇಟಿಂಗ್) ಎಂಬ ವಿಧಾನವಿದೆ, 2009ರಲ್ಲಿ ಅರಿಜೋನಾದ ತಂಡ ಪ್ರಕಟಿಸಿದ್ದು. ಪ್ರತಿ ಸ್ಯಾಂಪಲ್ ಮನೆಗೂ ಒಂದು ತೂಕ ಇರುತ್ತದೆ. ‘ಐವರ ಮನೆ’ ಎಂಬ ಗುರಿ ಬಂದಾಗ ಐವರ ಮನೆಗಳ ತೂಕವನ್ನಷ್ಟೇ ಏರಿಳಿಸುತ್ತಾರೆ. ‘60 ದಾಟಿದ ಹೆಂಗಸರು’ ಎಂಬ ಗುರಿ ಬಂದಾಗ ಅಂಥವರು ಇರುವ ಮನೆಗಳ ತೂಕವನ್ನು ಏರಿಳಿಸುತ್ತಾರೆ. ಹೀಗೆ ಗುರಿಗಳ ಮೇಲೆ ಸುತ್ತು ಹಾಕುತ್ತಾ ಹೋಗುವುದು. ಪಾಪ್‌ಜೆನ್, ಪಾಪ್ಯುಲೇಶನ್‌ಸಿಮ್ ಈ ಕೆಲಸ ಮಾಡುವ ಸಿದ್ಧ ತಂತ್ರಾಂಶಗಳು. ಆರ್ ಬಳಸುವವರಿಗೆ ಸಿಮ್‌ಪಾಪ್ ಇದೆ.

ಸುತ್ತು ಎಷ್ಟು ಹೊಡೆದರೂ ಲೆಕ್ಕ ನಿಲ್ಲದೆ ತೂಗಾಡುತ್ತಿದ್ದರೆ ತಂತ್ರಾಂಶವನ್ನು ಬೈಯುವ ಮೊದಲು ಗುರಿಗಳನ್ನೇ ಕೂಡಿ ನೋಡಿ. ಮನೆಗಾತ್ರದ ಪಟ್ಟಿಯಿಂದ ಬರುವ ಜನಸಂಖ್ಯೆಗೂ ವಯಸ್ಸಿನ ಪಟ್ಟಿಯ ಜನಸಂಖ್ಯೆಗೂ ಹೊಂದಾಣಿಕೆ ಇರುವುದಿಲ್ಲ. ಸಾಮಾನ್ಯವಾಗಿ ಕಾರಣ ಎರಡು: ದೊಡ್ಡ ಮನೆಗಳನ್ನು ಪಟ್ಟಿಯಲ್ಲಿ ಗುಂಪಾಗಿ ಕೊಟ್ಟಿರುವುದು, ಮತ್ತು ಮನೆಗಳಲ್ಲಿ ವಾಸಿಸದವರು ವಯಸ್ಸಿನ ಪಟ್ಟಿಯಲ್ಲಿ ಸೇರಿರುವುದು.

ಹೋಟೆಲಿನ ಅಟ್ಟದಲ್ಲಿ ಮಲಗುವವರು

ಮುಂಬಯಿಯ ಕೃತಕ ಜನಸಂಖ್ಯೆಗಳು ಹೆಚ್ಚಾಗಿ ಕೆಡುವುದು ಈ ಎರಡನೆಯ ಕಾರಣದಿಂದ. 2011ರಲ್ಲಿ ಮುಂಬಯಿ ನಗರ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 832 ಹೆಂಗಸರಿದ್ದರು. ದುಡಿಯಲು ಒಬ್ಬೊಬ್ಬರೇ ಬಂದ ಗಂಡಸರ ಊರು ಇದು. ಮಾಟುಂಗಾದ ಒಂದು ಉಡುಪಿ ಹೋಟೆಲನ್ನು ಕಲ್ಪಿಸಿಕೊಳ್ಳಿ. ರಾತ್ರಿ ಶಟರ್ ಎಳೆದ ಮೇಲೆ ಅಟ್ಟದಲ್ಲಿ ಹನ್ನೆರಡು ಜನ ಮಲಗುತ್ತಾರೆ, ಎಲ್ಲರೂ ಗಂಡಸರು, 18ರಿಂದ 45ರೊಳಗೆ. ಊಟ ಅಡುಗೆಮನೆಯಲ್ಲೇ, ಕೆಲಸಕ್ಕೆ ಹೋಗಲು ಮೆಟ್ಟಿಲಿಳಿದರೆ ಆಯಿತು, ಹೆಂಡತಿ ಮಕ್ಕಳು ಕುಂದಾಪುರದಲ್ಲೋ ಕಾರ್ಕಳದಲ್ಲೋ. ದಿನಕ್ಕೆ ನೂರಾರು ಗಿರಾಕಿಗಳ ಸಂಪರ್ಕ, ಮಧ್ಯಾಹ್ನದ ಬಿಡುವಿನಲ್ಲಿ ಮಾತ್ರ ಹೊರಗೆ. ಪರಸ್ಪರ ನಂಟರಲ್ಲದವರು ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತಾ ಸಂಸ್ಥೆಯೊಂದರಲ್ಲಿ ಇದ್ದರೆ ಗಣತಿ ಅದನ್ನು ಸಾಂಸ್ಥಿಕ ಕುಟುಂಬ ಎನ್ನುತ್ತದೆ. ಹಾಸ್ಟೆಲು, ಮೆಸ್ಸು, ಜೈಲು, ಆಶ್ರಮ ಎಲ್ಲ ಇದರಲ್ಲೇ. ಅವರೇ ಪಕ್ಕದ ಗಲ್ಲಿಯಲ್ಲಿ ಖೋಲಿ (ಬಾಡಿಗೆ ಕೋಣೆ) ಹಿಡಿದು ಸೇರಿ ಅಡುಗೆ ಮಾಡಿಕೊಂಡರೆ ಅದು ಸಾಮಾನ್ಯ ಕುಟುಂಬದ ಲೆಕ್ಕಕ್ಕೆ ಬರುತ್ತದೆ.

ಮನೆ-ಮನೆ ಸಮೀಕ್ಷೆಯ ಸ್ಯಾಂಪಲ್ಲಿನಲ್ಲಿ ಇಂಥವರು ಸಿಗುವುದು ಅಪರೂಪ, ಆದರೆ ವಯಸ್ಸಿನ ಮೊತ್ತದಲ್ಲಿ ಇದ್ದಾರೆ. 20–35ರ ಗಂಡಸರು ಕಡಿಮೆ ಬೀಳುತ್ತಾರೆ. ಐಪಿಯು ಏನು ಮಾಡುತ್ತದೆ? ಆ ವಯಸ್ಸಿನ ಗಂಡಸರು ಹೆಚ್ಚಾಗಿರುವ ಮನೆಗಳ ತೂಕ ಏರಿಸುತ್ತದೆ. ಸ್ಯಾಂಪಲ್ಲಿನಲ್ಲಿ ತಾಯಿ, ತಂದೆ, ನಾಲ್ಕು ಮಂದಿ ಬೆಳೆದ ಗಂಡುಮಕ್ಕಳು ಇರುವ ಒಂದು ಮನೆ ಇದ್ದರೆ ಅದೇ ಮನೆ ಸಾವಿರಾರು ಸಲ ನಕಲಾಗಿ ವಾರ್ಡಿನ ತುಂಬ ಕೂರುತ್ತದೆ. ಮೊತ್ತ ಸರಿ, ಊರು ತಪ್ಪು. ಸಿಮ್ಯುಲೇಶನ್ನಿನಲ್ಲಿ ಆ ಹುಡುಗರು ಸೋಂಕನ್ನು ಅರವತ್ತರ ತಂದೆತಾಯಿಗೆ ಹಚ್ಚುತ್ತಾರೆ. ನಿಜದಲ್ಲಿ ಅವರ ತಂದೆತಾಯಿ ಆ ಊರಿನಲ್ಲೇ ಇಲ್ಲ.

ಸರಿಪಡಿಸುವ ಕ್ರಮ ಹೀಗೆ. ಗಣತಿಯ ಸಾಂಸ್ಥಿಕ ಮತ್ತು ಮನೆಯಿಲ್ಲದ ಕುಟುಂಬಗಳ ಜನರನ್ನು ವಯಸ್ಸಿನ ಮೊತ್ತದಿಂದ ಮೊದಲೇ ಕಳೆಯಿರಿ. ಉಳಿದದ್ದಕ್ಕೆ ಮಾತ್ರ ಐಪಿಯು ನಡೆಸಿ. ಸಾಂಸ್ಥಿಕ ಗುಂಪುಗಳನ್ನು ನಿಯಮದಿಂದ ಬೇರೆಯಾಗಿ ಕಟ್ಟಿ: ಹೋಟೆಲಿಗೆ ಗಂಡಸರ ಗುಂಪು, ನರ್ಸಿಂಗ್ ಹಾಸ್ಟೆಲಿಗೆ ಹೆಂಗಸರ ಗುಂಪು, ಕಟ್ಟಡ ಕಾಮಗಾರಿಯ ಶೆಡ್ಡುಗಳಿಗೆ ಕುಟುಂಬಸಮೇತ ಬಂದವರು. ಖೋಲಿ ಹಂಚಿಕೊಂಡವರಿಗಾಗಿ ‘ನಂಟರಲ್ಲದ ಗಂಡಸರ ಮನೆ’ ಎಂಬ ಬಗೆಯನ್ನೇ ಒಂದು ಗುರಿಯಾಗಿಸಿ, ಸ್ಯಾಂಪಲ್ಲಿನ ಅಂಥ ಕೆಲವೇ ಮನೆಗಳಿಗೆ ತೂಕದ ಮಿತಿ ಹಾಕಿ. ಪುಣೆಯಲ್ಲಿ ಇದೇ ಕಷ್ಟ ವಿದ್ಯಾರ್ಥಿಗಳ ರೂಪದಲ್ಲಿ ಬರುತ್ತದೆ: ಕಾಟ್ ಬೇಸಿಸ್ (ಮಂಚದ ಲೆಕ್ಕದಲ್ಲಿ ಬಾಡಿಗೆಯ) ರೂಮುಗಳು, ಪಿಜಿಗಳು, ಖಾನಾವಳಿಯ ಊಟ.

ತೂಕದಿಂದ ಇಡೀ ಮನೆಗಳಿಗೆ

ತೂಕ 3.7 ಎಂದು ಬರುತ್ತದೆ, 3.7 ಮನೆ ಇರಲು ಸಾಧ್ಯವಿಲ್ಲ. ಹತ್ತಿರದ ಪೂರ್ಣಾಂಕಕ್ಕೆ ತಂದರೆ 0.4 ತೂಕದ ಮನೆಗಳೆಲ್ಲ ಸತ್ತುಹೋಗುತ್ತವೆ, ಮತ್ತು ಸಣ್ಣ ತೂಕ ಇರುವುದು ಅಪರೂಪದ ಮನೆಗಳಿಗೇ. ಅದರ ಬದಲು 3 ನಕಲು ಇಟ್ಟುಕೊಂಡು ಉಳಿದ 0.7 ಅನ್ನು ಸಂಭವನೀಯತೆ ಎಂದು ತಿಳಿದು ಚೀಟಿ ಎತ್ತಿ. ಎಲ್ಲ ಮನೆಗಳ ಉಳಿಕೆಗಳಿಂದ ಬೇಕಾದಷ್ಟು ಮನೆಗಳನ್ನು ಹೀಗೆ ಆರಿಸಿದರೆ ಒಟ್ಟು ಕೆಡುವುದಿಲ್ಲ.

ನಕಲುಗಳ ಸಂಖ್ಯೆಯನ್ನೂ ಗಮನಿಸಿ. ಸ್ಯಾಂಪಲ್ಲಿನಲ್ಲಿ ಸಾವಿರ ಮನೆ, ಊರಿನಲ್ಲಿ 27 ಲಕ್ಷ ಮನೆ ಎಂದರೆ ಸರಾಸರಿ ಒಂದೊಂದೂ 2,700 ಸಲ ಬರುತ್ತದೆ. ಠಾಣೆ, ಪುಣೆ ಮತ್ತು ಮಹಾರಾಷ್ಟ್ರದ ಇತರ ನಗರಗಳ ಮನೆಗಳನ್ನು ಸಾಲ ತಂದು ಸ್ಯಾಂಪಲ್ ಹಿಗ್ಗಿಸಿ. ನಕಲು ಮಾಡುವಾಗ ವಯಸ್ಸನ್ನು ಅದೇ ಐದು ವರ್ಷದ ಗುಂಪಿನೊಳಗೆ ಅಲುಗಾಡಿಸಿ, ಆದರೆ ಇಡೀ ಮನೆಗೆ ಒಟ್ಟಿಗೆ, ಅಮ್ಮ ಮಗುವಿನ ಅಂತರ ಕೆಡದಂತೆ.

ಸಿಟಿಗ್ಯಾನ್‌ನಂಥ ನರಜಾಲ ಮಾದರಿಗಳಿಂದ ಹೊಸ ವ್ಯಕ್ತಿಗಳನ್ನೇ ಹುಟ್ಟಿಸುವ ದಾರಿಯೂ ಇದೆ. ವೈವಿಧ್ಯ ಚೆನ್ನಾಗಿ ಬರುತ್ತದೆ. ತೊಂದರೆ ಏನೆಂದರೆ ಅವು ಒಂದೊಂದು ಸಾಲನ್ನು ಬಿಡಿಬಿಡಿಯಾಗಿ ಕೊಡುತ್ತವೆ, ಕುಟುಂಬವನ್ನು ಕೊಡುವುದಿಲ್ಲ. ಒಂಬತ್ತು ವರ್ಷದ ಪದವೀಧರನೂ ಬರಬಹುದು. ಅಸಂಬದ್ಧ ಸಾಲುಗಳನ್ನು ಕಿತ್ತು ಹಾಕಿದರೆ ಮೊತ್ತ ಮತ್ತೆ ಓರೆಯಾಗುತ್ತದೆ, ಏಕೆಂದರೆ ಕಿತ್ತುಹೋಗುವವರು ಕೆಲವು ವಯಸ್ಸಿನವರೇ. ಹಾಗಾಗಿ ಅದನ್ನು ಬಳಸುವವರೂ ಕೊನೆಗೆ ಐಪಿಯು ನಡೆಸಲೇಬೇಕು. ಸ್ಯಾಂಪಲ್ ತೀರಾ ಬಡವಾಗಿಲ್ಲದಿದ್ದರೆ ನಿಜ ಮನೆಗಳ ನಕಲೇ ನಮಗೆ ವಾಸಿ ಎನಿಸುತ್ತದೆ.

ಮನೆಗೆ ವಿಳಾಸ, ಕೆಲಸಕ್ಕೆ ದಾರಿ

ವಾರ್ಡಿನೊಳಗೆ ಮನೆಗಳನ್ನು ಎಲ್ಲೆಂದರಲ್ಲಿ ಚೆಲ್ಲಬೇಡಿ. ಎಂ/ಪೂರ್ವದ ನಕ್ಷೆಯಲ್ಲಿ ದೇವನಾರದ ಕಸದ ಗುಡ್ಡವೂ ಟ್ರಾಂಬೆಯ ಕಾರ್ಖಾನೆಗಳೂ ಇವೆ, ಟಿ ಮತ್ತು ಆರ್ ವಾರ್ಡುಗಳಲ್ಲಿ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿದೆ. ಓಪನ್ ಸ್ಟ್ರೀಟ್ ಮ್ಯಾಪ್ ಮತ್ತು ಗೂಗಲ್ ಓಪನ್ ಬಿಲ್ಡಿಂಗ್ಸ್ ಕಟ್ಟಡಗಳ ತಳಪಾಯದ ಆಕಾರ ಕೊಡುತ್ತವೆ, ಎತ್ತರವನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು. ತಳದ ವಿಸ್ತೀರ್ಣದ ಮೇಲಷ್ಟೇ ಜನರನ್ನು ಹಂಚಿದರೆ ಗೋದಾಮಿನಲ್ಲಿ ಜನ ತುಂಬಿ ಇಪ್ಪತ್ತು ಮಹಡಿಯ ಟವರು ಖಾಲಿ ಬೀಳುತ್ತದೆ. ಝೋಪಡಪಟ್ಟಿಯ ಗಡಿಯನ್ನು ಬೇರೆ ಪದರವಾಗಿ ಇಟ್ಟು ಆ ಬಗೆಯ ಮನೆಗಳನ್ನು ಅದರೊಳಗೇ ಕೂರಿಸಿ. 2011ರಲ್ಲಿ ಬೃಹನ್ಮುಂಬಯಿಯ ಶೇ 41ಕ್ಕೂ ಹೆಚ್ಚು ಜನ ಅಲ್ಲಿದ್ದರು, ನೆಲದ ಪಾಲು ಮಾತ್ರ ಬಹಳ ಕಡಿಮೆ.

ಕೆಲಸದ ಜಾಗ ಹಂಚಲು ಗುರುತ್ವ ಮಾದರಿ ಸಾಕು: ಒಂದು ಕಡೆಯ ಕೆಲಸಗಳ ಸಂಖ್ಯೆ ಹೆಚ್ಚಿದ್ದಷ್ಟು ಸೆಳೆತ ಹೆಚ್ಚು, ದೂರ ಹೆಚ್ಚಿದ್ದಷ್ಟು ಕಡಿಮೆ. ದೂರ ಎಂದರೆ ಪ್ರಯಾಣದ ಸಮಯ, ನೇರ ಗೆರೆಯಲ್ಲ. ಬೊರಿವಲಿ ಮತ್ತು ಮುಲುಂಡ್ ನಕ್ಷೆಯಲ್ಲಿ ಎದುರುಬದುರು, ಮಧ್ಯೆ ಕಾಡು. ಲೋಕಲ್ ರೈಲಿನಲ್ಲಿ ಹೋಗುವವರು ದಾದರಿನಲ್ಲಿ ಇಳಿದು ಸೆಂಟ್ರಲ್ ಲೈನಿಗೆ ಬದಲಿಸಬೇಕು. ನೇರ ಗೆರೆಯ ಮಾದರಿ ಇವೆರಡರ ನಡುವೆ ನಿತ್ಯ ಸಾವಿರಾರು ಜನರನ್ನು ಓಡಿಸುತ್ತದೆ. ಬೊರಿವಲಿಯಿಂದ ಅಂಧೇರಿಗೆ ಹೋಗಬೇಕಾದವರು ಆ ಕಡೆ ಹರಿದುಹೋಗುತ್ತಾರೆ. ಸೆಳೆತದ ಗುಣಾಂಕವನ್ನು ಗಣತಿಯ ಬಿ-28 ಪಟ್ಟಿಗೆ ಹೊಂದಿಸಿ. ಮನೆಯಿಂದ ಕೆಲಸಕ್ಕೆ ಎಷ್ಟು ಕಿಲೋಮೀಟರು, ಯಾವ ವಾಹನ ಎಂದು ಜಿಲ್ಲಾವಾರು ಅದರಲ್ಲಿದೆ. ಪ್ರಯಾಣವೇ ಇಲ್ಲದವರ ಸಾಲೂ ಇದೆ, ಹೋಟೆಲಿನ ಅಟ್ಟದವರನ್ನು ಅದಕ್ಕೆ ತಾಳೆ ನೋಡಬಹುದು. ಕೆಲಸದ ಜಾಗಗಳ ಗಾತ್ರಕ್ಕೆ 2013–14ರ ಆರನೇ ಆರ್ಥಿಕ ಗಣತಿ. ಎಲ್ಲ ಜಾಗಗಳಿಗೂ ಸರಾಸರಿ ಗಾತ್ರ ಕೊಡುವುದು ದೊಡ್ಡ ತಪ್ಪು. ಒಬ್ಬರು ಇಬ್ಬರು ಇರುವ ಅಂಗಡಿಗಳೇ ಹೆಚ್ಚು, ಆದರೆ ಹರಡುವಿಕೆಯನ್ನು ನಿರ್ಧರಿಸುವವು ಸಾವಿರ ಜನರ ಕೆಲವು ಕಟ್ಟಡಗಳು.

ಶಾಲೆಗೆ ‘ಹತ್ತಿರದ್ದು’ ಎಂಬ ನಿಯಮ ಇಲ್ಲಿ ನಡೆಯುವುದಿಲ್ಲ. ಪಾಲಿಕೆಯ ಶಾಲೆಗಳು ಕನ್ನಡವೂ ಸೇರಿ ಎಂಟು ಮಾಧ್ಯಮಗಳಲ್ಲಿವೆ. ಶಾಲೆಗಳ ಸರ್ಕಾರಿ ಮಾಹಿತಿಸಂಗ್ರಹವಾದ ಯುಡೈಸ್ ಕಡತದಲ್ಲಿ ಶಾಲಾವಾರು ಮಾಧ್ಯಮವೂ ಮಕ್ಕಳ ಸಂಖ್ಯೆಯೂ ಸಿಗುತ್ತವೆ. ಮೊದಲು ಮಾಧ್ಯಮ, ಆಮೇಲೆ ದೂರ, ಆಮೇಲೆ ಖಾಲಿ ಸೀಟು ಎಂಬ ಕ್ರಮದಲ್ಲಿ ಹಂಚಿ. ಕನ್ನಡ ಮಾಧ್ಯಮದ ಮಗು ಎದುರಿಗೇ ಇರುವ ಮರಾಠಿ ಶಾಲೆ ದಾಟಿ ದೂರ ಹೋಗುತ್ತದೆ, ಹಾಗೆ ಎರಡು ವಸತಿಗಳನ್ನು ಜೋಡಿಸುತ್ತದೆ. ಸಂಪರ್ಕಜಾಲದಲ್ಲಿ ಇಂಥ ಉದ್ದನೆಯ ಎಳೆಗಳು ಸಂಖ್ಯೆಯಲ್ಲಿ ಕಡಿಮೆ, ಪರಿಣಾಮದಲ್ಲಿ ಭಾರಿ.

ಲೋಕಲ್ ಗಾಡಿಯನ್ನು ಬೇರೆಯೇ ಪದರವಾಗಿ ಸೇರಿಸಿ. 8.12ರ ಗಾಡಿ, ಹಿಂದಿನಿಂದ ಮೂರನೇ ಡಬ್ಬ, ಅದೇ ಬಾಗಿಲು ಎಂದು ದಿನವೂ ಹತ್ತುವವರ ಗುಂಪು ಸ್ಥಿರ ಸಂಪರ್ಕ, ಉಳಿದ ನೂಕುನುಗ್ಗಲು ಯಾದೃಚ್ಛಿಕ. ಲೇಡೀಸ್ ಡಬ್ಬ ಬೇರೆ ಇರುವುದರಿಂದ ಲಿಂಗವನ್ನು ಬಿಟ್ಟು ಇದನ್ನು ಕಟ್ಟಲಾಗದು.

ಪರೀಕ್ಷೆ

ಹೊಂದಿಸಲು ಬಳಸಿದ ಮೊತ್ತಗಳು ತಾಳೆಯಾದವು ಎಂದು ಸಂಭ್ರಮಿಸಬೇಡಿ, ಆಗದಿದ್ದರೆ ಮಾತ್ರ ಸುದ್ದಿ. ಅಲ್ಲಿ ಶೇ 1ಕ್ಕಿಂತ ಹೆಚ್ಚು ಅಂತರ ಇರಬಾರದು. ಬಳಸದೇ ಎತ್ತಿಟ್ಟ ಒಂದೆರಡು ಜೋಡಿ ಪಟ್ಟಿಗಳೇ ನಿಜವಾದ ಪರೀಕ್ಷೆ: ಮನೆಗಾತ್ರಕ್ಕೆ ಎದುರು ಕೋಣೆಗಳ ಸಂಖ್ಯೆ, ಮನೆಯ ಬಗೆಗೆ ಎದುರು ಶೌಚಾಲಯ. ಕೋಶಕೋಶದ ವ್ಯತ್ಯಾಸದ ವರ್ಗಗಳ ಸರಾಸರಿಗೆ ವರ್ಗಮೂಲ ತೆಗೆದು ಕೋಶದ ಸರಾಸರಿಯಿಂದ ಭಾಗಿಸಿ. ಅದು 0.1ರೊಳಗೆ ಇದ್ದರೆ ಮುಂದುವರಿಯಬಹುದು, 0.3 ದಾಟಿದರೆ ಸ್ಯಾಂಪಲ್ಲಿಗೇ ವಾಪಸ್ ಹೋಗಬೇಕು ಎಂಬುದು ನಮ್ಮ ಅಳತೆ.

ಆಮೇಲೆ ಅಂಕಿ ಬಿಟ್ಟು ಮನೆಗಳನ್ನು ಓದಿ. ವಾರ್ಡಿಗೆ ಐವತ್ತು ಮನೆ ಎತ್ತಿ ಮುದ್ರಿಸಿ, ಆ ವಸತಿಯಲ್ಲಿ ಬೆಳೆದವರ ಕೈಗೆ ಕೊಡಿ. ‘ಇಲ್ಲಿ ಇಂಥ ಮನೆ ಇರುವುದಿಲ್ಲ’ ಎಂಬ ಮಾತು ಯಾವ ಸೂತ್ರದಲ್ಲೂ ಸಿಗುವುದಿಲ್ಲ. ಯಂತ್ರಕ್ಕೆ ಬಿಡಬೇಕಾದ ಪರೀಕ್ಷೆಗಳೂ ಇವೆ: ತಾಯಿಗೂ ಮಗುವಿಗೂ 14 ವರ್ಷಕ್ಕಿಂತ ಕಡಿಮೆ ಅಂತರ, ಮಕ್ಕಳಷ್ಟೇ ಇರುವ ಮನೆ, ಮೂರು ತಲೆಮಾರಿನ ಮನೆಗಳ ಪಾಲು.

ಬೇರೆ ಬೇರೆ ಚೀಟಿ ಎತ್ತಿ ಕನಿಷ್ಠ ಹತ್ತು ಜನಸಂಖ್ಯೆಗಳನ್ನು ತಯಾರಿಸಿ. ಸಿಮ್ಯುಲೇಶನ್ನಿನ ಫಲಿತಾಂಶ ಜನಸಂಖ್ಯೆಯಿಂದ ಜನಸಂಖ್ಯೆಗೆ ಎಷ್ಟು ಏರುಪೇರಾಗುತ್ತದೆ ಎಂದು ತಿಳಿಯದೆ ನೀತಿಯ ಪರಿಣಾಮ ಎಂದು ಏನನ್ನೂ ಹೇಳಲಾಗದು. ಜನಸಂಖ್ಯೆ ಕಟ್ಟಲು ಒಂದು ಬೀಜಸಂಖ್ಯೆ (ಕಂಪ್ಯೂಟರಿನ ಚೀಟಿ ಎತ್ತುವಿಕೆಯನ್ನು ಶುರುಮಾಡುವ ಅಂಕಿ), ಸಿಮ್ಯುಲೇಶನ್ ಓಡಿಸಲು ಇನ್ನೊಂದು ಇರಲಿ. ಎರಡಕ್ಕೂ ಒಂದೇ ಇದ್ದರೆ ಒಂದು ನಿಯಮ ಬದಲಿಸಿದ ಕೂಡಲೇ ಇಡೀ ಊರೇ ಬದಲಾಗಿರುತ್ತದೆ.

ಮೆಮೊರಿ, ಕಡತ, ಮತ್ತು ಮಾತಾಡುವ ಏಜೆಂಟುಗಳು

ಪ್ರತಿ ಏಜೆಂಟನ್ನೂ ಪೈಥಾನಿನ ಒಂದೊಂದು ಆಬ್ಜೆಕ್ಟ್ ಮಾಡಿದರೆ ತಲಾ 500 ಬೈಟ್ ಎಂದಿಟ್ಟರೂ 6 ಜಿಬಿ ದಾಟುತ್ತದೆ. ಅದೇ ಮಾಹಿತಿಯನ್ನು ಕಾಲಂಗಳಾಗಿ, ವಯಸ್ಸಿಗೆ ಒಂದು ಬೈಟ್, ಮನೆ, ಕೆಲಸ, ಶಾಲೆಯ ಸಂಖ್ಯೆಗಳಿಗೆ ನಾಲ್ಕು ನಾಲ್ಕು ಬೈಟ್ ಎಂದು ಇಟ್ಟರೆ ತಲಾ 24 ಬೈಟಿನಲ್ಲಿ ಮುಗಿಯುತ್ತದೆ, ಇಡೀ ಬೃಹನ್ಮುಂಬಯಿಗೆ ಸುಮಾರು 300 ಎಂಬಿ. ಕಾಲಂ ಕಾಲಂ ಆಗಿ ಮಾಹಿತಿ ಇಡುವ ಪಾರ್ಕೆಟ್ ಕಡತದಲ್ಲಿ ಉಳಿಸಿ, ಸಾಲುಗಳನ್ನು ಮನೆಯ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ. ಒಂದೇ ಮನೆಯವರು ಪಕ್ಕಪಕ್ಕದಲ್ಲಿದ್ದರೆ ಓಟವೂ ವೇಗ. ಹತ್ತರಲ್ಲಿ ಒಂದು ಪಾಲು ಸಾಕು ಎನಿಸಿದರೆ ಮನೆಗಳನ್ನು ಆರಿಸಿ, ವ್ಯಕ್ತಿಗಳನ್ನು ಎಂದೂ ಆರಿಸಬೇಡಿ. ಆಗಲೂ ಶಾಲೆ, ಆಫೀಸುಗಳ ಗಾತ್ರ ಹತ್ತನೇ ಒಂದಾಗುತ್ತದೆ, ಸಂಪರ್ಕದ ದರವನ್ನು ಅದಕ್ಕೆ ತಕ್ಕಂತೆ ತಿದ್ದಬೇಕು.

ಈಗೀಗ ಏಜೆಂಟುಗಳ ನಡೆಯನ್ನು ಭಾಷಾ ಮಾದರಿಗಳಿಗೆ ಬಿಡುವವರಿದ್ದಾರೆ. ‘ಮುಂಬಯಿಯ ನೂರು ಜನರನ್ನು ಸೃಷ್ಟಿಸು’ ಎಂದು ಅವಕ್ಕೆ ಹೇಳಿದರೆ ಸಾಫ್ಟ್‌ವೇರ್ ಇಂಜಿನಿಯರುಗಳೂ ಟೀಚರುಗಳೂ ಸಾಲಾಗಿ ಬರುತ್ತಾರೆ, ಗೋವಂಡಿಯಲ್ಲಿ ಚಿಂದಿ ಆಯುವವರು ಬರುವುದಿಲ್ಲ. ಮೇಲಿನ ಕ್ರಮದಲ್ಲಿ ಕಟ್ಟಿದ ಜನಸಂಖ್ಯೆಯಿಂದಲೇ ವಯಸ್ಸು, ಮನೆ, ಕೆಲಸ, ಭಾಷೆ, ಪ್ರಯಾಣ ಎಲ್ಲವನ್ನೂ ನಿಗದಿ ಮಾಡಿ ಕೊಡಿ, ಮಾತು ಮತ್ತು ತೀರ್ಮಾನ ಮಾತ್ರ ಮಾದರಿಯದಾಗಲಿ. ಕೋಟಿ ಏಜೆಂಟಿಗೆ ಇದು ದುಬಾರಿ. ಮನೆಯ ಬಗೆಗಳ ಪ್ರಕಾರ ಗುಂಪು ಮಾಡಿ ಗುಂಪಿಗೊಂದಿಷ್ಟು ಪ್ರತಿನಿಧಿಗಳನ್ನು ಕೇಳಿ, ಉತ್ತರಗಳ ಹಂಚಿಕೆಯಿಂದ ಉಳಿದವರಿಗೆ ಚೀಟಿ ಎತ್ತಿ. ಸರಾಸರಿ ಉತ್ತರವನ್ನು ಎಲ್ಲರಿಗೂ ಹಚ್ಚಿದರೆ ಇಡೀ ಗುಂಪು ಒಂದೇ ದಿನ ಒಂದೇ ಕೆಲಸ ಮಾಡುತ್ತದೆ.

ಕೊನೆಗೆ ಹಂಚುವ ವಿಚಾರ. ನಕಲಾದ ಮನೆಗಳು ಸಮೀಕ್ಷೆಗೆ ಉತ್ತರ ಕೊಟ್ಟ ನಿಜ ಮನೆಗಳವು. ಸಮೀಕ್ಷೆಯ ಕಡತ ಪಡೆಯುವಾಗ ಗುರುತು ಪತ್ತೆ ಮಾಡುವುದಿಲ್ಲ ಎಂದು ಒಪ್ಪಿರುತ್ತೀರಿ. ಆದ್ದರಿಂದ ಸಮೀಕ್ಷೆಯ ಮೂಲ ಮನೆ ಸಂಖ್ಯೆಯನ್ನು ಕಡತದಿಂದ ಅಳಿಸಿ, ಊರಿಗೆಲ್ಲ ಒಂದೆರಡು ಸಲ ಮಾತ್ರ ಕಾಣುವ ವಿಚಿತ್ರ ಜೋಡಣೆಯ ಮನೆಗಳನ್ನು ತೆಗೆಯಿರಿ ಅಥವಾ ಅವುಗಳ ವಿವರ ಒರಟಾಗಿಸಿ. ಕಡತದ ಜೊತೆಗೆ ಬೀಜಸಂಖ್ಯೆ, ಬಳಸಿದ ಪಟ್ಟಿಗಳ ಹೆಸರು ಮತ್ತು ವರ್ಷ, ತೂಕಕ್ಕೆ ಹಾಕಿದ ಮಿತಿ, ಸಾಂಸ್ಥಿಕ ಗುಂಪುಗಳ ನಿಯಮ ಇಷ್ಟನ್ನು ಒಂದು ಪುಟದಲ್ಲಿ ಬರೆದಿಡಿ.